ಕಲಾ ಮ್ಯೂಸಿಯಂನ ಕ್ಯುರೇಟರ್ ಆಗಲು ಅಣಿಯಾಗುವ ಬಗೆ

ಮ್ಯೂಸಿಯಂನ ಸಂಗ್ರಹದ ಹೊಣೆ ಹೊತ್ತವರನ್ನು ಕ್ಯುರೇಟರ್ ಎನ್ನುತ್ತಾರೆ. ಆ ಪದದ ಲ್ಯಾಟಿನ್ ಮೂಲಕ್ಕೆ ಆರೈಕೆ ಮಾಡುವುದು ಎಂಬ ಅರ್ಥವಿದೆ. ಈ ವೃತ್ತಿಗೆ ಬರಲು ಬಯಸುವವರು ಮೊದಲು ಆ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಏಕೆಂದರೆ ಪ್ರದರ್ಶನ ಏರ್ಪಡಿಸುವುದು ಕ್ಯುರೇಟರ್ ಮಾಡುವ ಕೆಲಸದಲ್ಲಿ ಹೊರಗೆ ಕಾಣುವ ಸಣ್ಣ ಭಾಗ ಮಾತ್ರ. ಪ್ಯಾರಿಸ್ಸಿನಲ್ಲಿ ಹುಟ್ಟಿದ ಫಿಲಿಪ್ ಡಿ ಮಾಂಟೆಬೆಲ್ಲೊ 1963ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಯುರೋಪಿಯನ್ ಚಿತ್ರಕಲಾ ವಿಭಾಗಕ್ಕೆ ಸಹಾಯಕರಾಗಿ ಸೇರಿದರು. ನಡುವೆ ಕೆಲವು ವರ್ಷ ಹೂಸ್ಟನ್ನಿನ ಲಲಿತಕಲಾ ಮ್ಯೂಸಿಯಂ ನಡೆಸಿ, ಮರಳಿ ಬಂದು, 1977ರಿಂದ 2008ರವರೆಗೆ ಮೆಟ್ರೊಪಾಲಿಟನ್ನಿನ ನಿರ್ದೇಶಕರಾಗಿದ್ದರು. ಅವರು ಮೇಲೇರಿದ್ದು ಆಡಳಿತದ ಮೆಟ್ಟಿಲಿನಿಂದಲ್ಲ, ಚಿತ್ರಗಳ ಮುಂದೆ ನಿಂತ ಅಭ್ಯಾಸದಿಂದ. ಆದ್ದರಿಂದ ಕಲಿಕೆಯ ಕ್ರಮವನ್ನು ಅವರ ವೃತ್ತಿಜೀವನದ ಜಾಡಿನಲ್ಲೇ ವಿವರಿಸುವುದು ಅನುಕೂಲ.

ಪದವಿಯ ವಿಷಯ ಬೇಗ ಮುಗಿಯುತ್ತದೆ. ಕಲಾ ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಬೇಕು, ಮ್ಯೂಸಿಯಂ ಶಾಸ್ತ್ರದ ತರಬೇತಿ ಇದ್ದರೆ ಒಳ್ಳೆಯದು. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಿಂದಲೂ ಅದಕ್ಕೊಂದು ವಿಭಾಗವಿದೆ. ಆದರೆ ಯಾವ ತರಗತಿಯೂ ಪೂರ್ತಿಯಾಗಿ ಕಲಿಸಲಾರದ ವಿದ್ಯೆಯೆಂದರೆ ನೋಡುವುದು.

ಅದನ್ನು ಅಭ್ಯಾಸ ಮಾಡುವುದು ಹೀಗೆ. ಹತ್ತಿರದ ಮ್ಯೂಸಿಯಂನಲ್ಲಿ ಒಂದೇ ಒಂದು ವಸ್ತುವನ್ನು ಆರಿಸಿಕೊಂಡು, ಅದರ ವಿವರಫಲಕವನ್ನು ಓದದೆ, ಒಂದು ಗಂಟೆ ಅದರ ಮುಂದೆ ಕುಳಿತು ಕಂಡದ್ದನ್ನಷ್ಟೇ ಬರೆಯಬೇಕು. ಊಹೆಯನ್ನು ಬೇರೆ ಪುಟದಲ್ಲಿ ಇಡಬೇಕು. ಮೈಸೂರು ಶೈಲಿಯ ಚಿತ್ರವಾದರೆ ಚಿನ್ನದ ಹಾಳೆಯ ಕೆಳಗಿನ ಉಬ್ಬು ಕೆಲಸ ಎಷ್ಟು ತೆಳುವಾಗಿದೆ, ಬಣ್ಣ ಎಲ್ಲಿ ಬಿರುಕು ಬಿಟ್ಟಿದೆ, ಯಾವ ಭಾಗವನ್ನು ಯಾರೋ ಮತ್ತೆ ತೀಡಿದಂತಿದೆ ಎಂಬುದನ್ನು ಗಮನಿಸಬೇಕು. ಹೊಯ್ಸಳ ಶಿಲ್ಪವಾದರೆ ಪೀಠದಲ್ಲಿ ಶಿಲ್ಪಿಯ ಹೆಸರು ಕೊರೆದಿದೆಯೇ ಎಂದು ಹುಡುಕಬೇಕು. ಅವಕಾಶ ಸಿಕ್ಕಿದರೆ ಚಿತ್ರದ ಹಿಂಬದಿಯನ್ನು ನೋಡದೆ ಬಿಡಬಾರದು, ಏಕೆಂದರೆ ಹಳೆಯ ಚೀಟಿ, ಮುದ್ರೆ, ಹರಾಜಿನ ಸಂಖ್ಯೆಗಳೆಲ್ಲ ಅಲ್ಲೇ ಉಳಿದಿರುತ್ತವೆ. ವಾರಕ್ಕೊಂದು ವಸ್ತುವಿನಂತೆ ಎರಡು ವರ್ಷ ಹೀಗೆ ಮಾಡಿದರೆ ಒಳ್ಳೆಯದಕ್ಕೂ ಅತ್ಯುತ್ತಮಕ್ಕೂ ಇರುವ ಅಂತರ ಕಣ್ಣಿಗೆ ತಾನಾಗಿ ಕಾಣತೊಡಗುತ್ತದೆ.

ಇಂಥ ಕಣ್ಣಿನ ಪರೀಕ್ಷೆ ನಡೆಯುವುದು ಕೊಳ್ಳುವ ಹೊತ್ತಿನಲ್ಲಿ. 2004ರಲ್ಲಿ ಇಟಲಿಯ ಸಿಯೆನಾದ ಚಿತ್ರಕಾರ ದುಚ್ಚೊ ಸುಮಾರು 1300ರ ಹೊತ್ತಿಗೆ ಬರೆದ ತಾಯಿ ಮೇರಿ ಮತ್ತು ಬಾಲಯೇಸುವಿನ ಚಿತ್ರವೊಂದು ಮಾರಾಟಕ್ಕೆ ಬಂದಿತು. ಚೌಕಟ್ಟು ಸೇರಿ ಅದರ ಎತ್ತರ 28 ಸೆಂಟಿಮೀಟರ್ ಮಾತ್ರ. ಹೇಳಿದ ಬೆಲೆ ನಾಲ್ಕೂವರೆ ಕೋಟಿ ಡಾಲರುಗಳ ಆಸುಪಾಸಿನದು. ಮಾಂಟೆಬೆಲ್ಲೊ ತಮ್ಮ ಕ್ಯುರೇಟರ್ ಹಾಗೂ ಸಂರಕ್ಷಣಾ ತಜ್ಞೆಯನ್ನು ಜೊತೆಗೆ ಕರೆದುಕೊಂಡು ಲಂಡನ್ನಿಗೆ ಹೋಗಿ, ಅದನ್ನು ಹತ್ತಿರದಿಂದ ನೋಡಿ, ಮೆಟ್ರೊಪಾಲಿಟನ್ನಿಗಾಗಿ ಕೊಂಡರು. ಮಗು ತಾಯಿಯ ಮುಸುಕನ್ನು ಪುಟ್ಟ ಕೈಯಿಂದ ಸರಿಸುತ್ತಿದೆ. ಚೌಕಟ್ಟಿನ ಕೆಳಅಂಚಿನಲ್ಲಿ ಮೇಣದಬತ್ತಿ ಸುಟ್ಟ ಗುರುತುಗಳಿವೆ. ದೇವರ ಪಟದ ಅಂಚಿಗೆ ಹತ್ತಿದ ದೀಪದ ಮಸಿಯನ್ನು ಮನೆಯಲ್ಲಿ ಕಂಡವರಿಗೆ ಆ ಗುರುತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕಲಿಯಬೇಕಾದದ್ದು, ತಜ್ಞರ ಮಾತನ್ನು ಕೇಳಿಯೂ ತಾನೇ ಹೋಗಿ ನೋಡದೆ ನಿರ್ಧರಿಸಬಾರದು ಎಂಬುದು.

ಕಣ್ಣು ಒಪ್ಪಿದ ಮೇಲೆ ಕಾಗದಪತ್ರ ಒಪ್ಪಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ವೃತ್ತಿಯಲ್ಲಿ ಅತ್ಯಂತ ಕಠಿಣವಾದ ಪಾಠ ಇದೇ. ಗ್ರೀಕ್ ಚಿತ್ರಕಾರ ಯೂಫ್ರೋನಿಯಸ್ ಚಿತ್ರಿಸಿದ ದೊಡ್ಡ ಮಣ್ಣಿನ ಪಾತ್ರೆಯೊಂದನ್ನು ಮೆಟ್ರೊಪಾಲಿಟನ್ 1972ರಲ್ಲಿ, ಮಾಂಟೆಬೆಲ್ಲೊಗಿಂತ ಹಿಂದಿನ ನಿರ್ದೇಶಕರ ಕಾಲದಲ್ಲಿ, 10 ಲಕ್ಷ ಡಾಲರಿಗೆ ಕೊಂಡಿತ್ತು. ಅದು ಇಟಲಿಯ ಸಮಾಧಿಯೊಂದರಿಂದ ಕಳವಾದದ್ದೆಂಬುದು ಕ್ರಮೇಣ ಗಟ್ಟಿಯಾಗಿ, 2006ರಲ್ಲಿ ಮಾಂಟೆಬೆಲ್ಲೊ ಅವರೇ ಇಟಲಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿ, 2008ರಲ್ಲಿ ಅದನ್ನು ಹಿಂದಿರುಗಿಸಬೇಕಾಯಿತು. ನಮಗೆ ಇನ್ನೂ ಹತ್ತಿರದ ಉದಾಹರಣೆ ಆಸ್ಟ್ರೇಲಿಯದ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರಿಗೆ ಕೊಂಡ ಚೋಳರ ನಟರಾಜ: ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಲ್ಲಿದ್ದಾಗ ತೆಗೆದ ಹಳೆಯ ಛಾಯಾಚಿತ್ರ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿತ್ತು, ಅದರಿಂದ ಕಳವು ಸಾಬೀತಾಗಿ ಮೂರ್ತಿ 2014ರಲ್ಲಿ ಭಾರತಕ್ಕೆ ಮರಳಿತು. ಆದಕಾರಣ ವಸ್ತು ಯಾವ ವರ್ಷ ಯಾರ ಬಳಿ ಇತ್ತು ಎಂಬ ಪಟ್ಟಿಯನ್ನು ಬರೆದು, ಕಲಾವಸ್ತುಗಳ ಅಕ್ರಮ ಸಾಗಣೆ ತಡೆಯುವ ಯುನೆಸ್ಕೊ ಒಡಂಬಡಿಕೆಯಾದ 1970ಕ್ಕಿಂತ ಮೊದಲೇ ಅದು ಮೂಲ ದೇಶದಿಂದ ಹೊರಗೆ ಬಂದಿತ್ತೇ, ಇಲ್ಲವಾದರೆ ಕಾನೂನುಬದ್ಧ ಅನುಮತಿಯಿಂದ ಬಂದಿತೇ ಎಂದು ಕೇಳಬೇಕು. ಮಾರುವವನ ಆಣೆ ಪ್ರಮಾಣ ದಾಖಲೆಯಲ್ಲ. ಪಟ್ಟಿಯಲ್ಲಿ ಇಪ್ಪತ್ತು ವರ್ಷದ ಖಾಲಿ ಜಾಗವಿದ್ದರೆ, ವಸ್ತು ಎಷ್ಟೇ ಸುಂದರವಾಗಿರಲಿ, ಕೈಬಿಡಬೇಕು.

ಪ್ರದರ್ಶನಕ್ಕೆ ಇಡುವಾಗ ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ತೂಗುಹಾಕುವುದು ರೂಢಿ. ಕಾಗದ ಮತ್ತು ಬಟ್ಟೆಯ ಮೇಲಿನ ಕೃತಿಗಳಿಗೆ ಬೆಳಕು 50 ಲಕ್ಸ್ ಮೀರಬಾರದು, ಎಣ್ಣೆಬಣ್ಣದ ಚಿತ್ರಗಳಿಗೆ 200ರವರೆಗೆ ಸಾಗುತ್ತದೆ; ಕಾಗದದ ಕೃತಿಗಳನ್ನು ಕೆಲವು ತಿಂಗಳಿಗೊಮ್ಮೆ ಉಗ್ರಾಣದ ಕತ್ತಲಿಗೆ ಮರಳಿಸಬೇಕು. ವಿವರಫಲಕವನ್ನು ಅರವತ್ತು ಪದಗಳೊಳಗೆ ಬರೆದು, ನಿಂತಲ್ಲಿಂದ ನೋಡಿದರೆ ಕಾಣದ ಸಂಗತಿಯನ್ನು ಅದರಿಂದ ತೆಗೆದುಹಾಕಿ ನೋಡಿ. ಉಳಿಯುವುದು ಬಹಳ ಕಡಿಮೆ, ಆದರೆ ಓದಿದವರು ಮತ್ತೆ ಚಿತ್ರದತ್ತ ತಿರುಗುತ್ತಾರೆ.

ವಸ್ತುಗಳ ಸಂಖ್ಯೆಯ ಮೋಹವನ್ನೂ ಬಿಡಬೇಕು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ವೇಲ್ಸ್‌ನ ಕಲ್ಲುಗಣಿಯೊಂದರಲ್ಲಿ ಅಡಗಿಸಿಟ್ಟಿದ್ದಾಗ, ನಿರ್ದೇಶಕ ಕೆನೆತ್ ಕ್ಲಾರ್ಕ್ 1942ರಿಂದ ತಿಂಗಳಿಗೊಂದು ಚಿತ್ರವನ್ನು ಮಾತ್ರ ತರಿಸಿ ಪ್ರದರ್ಶಿಸಿದರು; ಬಾಂಬಿನ ಭಯದ ನಡುವೆಯೂ ಜನ ಆ ಒಂದೇ ಚಿತ್ರಕ್ಕಾಗಿ ಬಂದರು.

ನಿರ್ದೇಶಕರ ಕುರ್ಚಿಗೆ ಬಂದ ಮೇಲೆ ದಿನದ ಹೆಚ್ಚು ಪಾಲು ದಾನಿಗಳು, ಧರ್ಮದರ್ಶಿ ಮಂಡಳಿ, ಸೋರುವ ಚಾವಣಿ ಇವುಗಳಿಗೇ ಹೋಗುತ್ತದೆ. ಆಗ ಉಳಿಸಿಕೊಳ್ಳಬೇಕಾದ ರೂಢಿಯೊಂದಿದೆ: ಯಾವ ವಸ್ತು ಯಾವ ವರ್ಷ, ಯಾರ ಸಲಹೆಯಿಂದ, ಯಾವ ಕಾರಣಕ್ಕೆ ಸಂಗ್ರಹಕ್ಕೆ ಬಂದಿತೆಂದು ಕೈಯಾರೆ ಬರೆದಿಡುವುದು. ಮಾಂಟೆಬೆಲ್ಲೊ ನಿವೃತ್ತಿಯ ಸಂದರ್ಭದಲ್ಲಿ, ಅವರ ಕಾಲದಲ್ಲಿ ಬಂದ 84,000ಕ್ಕೂ ಹೆಚ್ಚು ವಸ್ತುಗಳಿಂದ ಸುಮಾರು 300ನ್ನು ಕ್ಯುರೇಟರುಗಳೇ ಆರಿಸಿ ಪ್ರದರ್ಶನ ಮಾಡಿದರು. ಅವುಗಳನ್ನು ಜೋಡಿಸಿದ್ದು ದೇಶ ಅಥವಾ ಶೈಲಿಯ ಪ್ರಕಾರವಲ್ಲ, ಮ್ಯೂಸಿಯಂಗೆ ಬಂದ ವರ್ಷದ ಕ್ರಮದಲ್ಲಿ.