ಕೊರಿಯನ್ ವಾಕ್ಯ ಕಟ್ಟುವಾಗ ಕನ್ನಡ ಎಲ್ಲಿ ನೆರವಾಗುತ್ತದೆ, ಎಲ್ಲಿ ಎಡವಿಸುತ್ತದೆ

‘ಚೆಗಾ ಒಜೆ ಸಾನ್ ಛೆಗಿ ಪಿಸ್ಸಾಯೋ.’ ಒಂದೊಂದೇ ಪದ ಬಿಡಿಸಿ: ನಾನು, ನಿನ್ನೆ, ಕೊಂಡ, ಪುಸ್ತಕ, ದುಬಾರಿ. ಪದಗಳ ಸಾಲು ಅಚ್ಚುಕಟ್ಟಾಗಿ ಕನ್ನಡದ್ದೇ. ಹಾಗಾಗಿ ಇಂಗ್ಲಿಷ್ ಮೂಲಕ ಕೊರಿಯನ್ ಕಲಿಯಬೇಡಿ, ನೇರ ಕನ್ನಡದಲ್ಲೇ ವಾಕ್ಯ ಯೋಚಿಸಿ. ‘ಯಾರು ಬರುತ್ತಾರೋ ಅವರು’ ಎಂಬ ಧಾಟಿಯನ್ನು ಮಾತ್ರ ಮೊದಲೇ ‘ಬರುವವರು’ ಎಂದು ಮಾಡಿಕೊಳ್ಳಿ.

ಎಡವುವುದು ಪ್ರತ್ಯಯಗಳಲ್ಲಿ. ‘ಕೊಳ್ಳುವ ಪುಸ್ತಕ’ ಎಂದರೆ ಈಗ ಕೊಳ್ಳುತ್ತಿರುವುದೂ ಆಗಬಹುದು, ನಾಳೆ ಕೊಳ್ಳುವುದೂ ಆಗಬಹುದು. ಕೊರಿಯನ್ನಿನಲ್ಲಿ ಅವು ಬೇರೆ ಬೇರೆ: ಈಗಿನದು ‘ಸಾನುನ್ ಛೆಕ್’, ಮುಂದಿನದು ‘ಸಾಲ್ ಛೆಕ್’, ಕೊಂಡಾಗಿರುವುದು ‘ಸಾನ್ ಛೆಕ್’. ಗುಣವಾಚಕ ಬಂದಾಗ ಎಚ್ಚರ. ‘ಪಿಸ್ಸಾನ್ ಛೆಕ್’ನಲ್ಲೂ ಕೊನೆಗೆ ಅದೇ ‘ನ್’ ಇದೆ, ಆದರೆ ಅರ್ಥ ‘ದುಬಾರಿಯಾಗಿದ್ದ’ ಅಲ್ಲ, ‘ದುಬಾರಿಯಾದ’, ಇದು ವರ್ತಮಾನ.

ಒಳವಾಕ್ಯದ (‘ನಾನು ನಿನ್ನೆ ಕೊಂಡ’ ಎಂಬಂಥ ಭಾಗದ) ಕರ್ತೃವಿಗೆ ‘ಗಾ’ ಅಥವಾ ‘ಇ’ ಹಚ್ಚಿ. ‘ಚೆಗಾ’ ಬದಲು ‘ಚೊನುನ್’ ಎಂದರೆ ‘ನಾನು’ ಒಳವಾಕ್ಯ ಬಿಟ್ಟು ಮುಖ್ಯವಾಕ್ಯಕ್ಕೆ ಜೋತುಬೀಳುತ್ತದೆ. ನಮ್ಮ ‘ನಾನು’ ಎರಡೂ ಕಡೆ ಒಂದೇ ರೂಪದಲ್ಲಿರುವುದರಿಂದ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ.

‘ಎಂದು’ ಎಂಬುದಕ್ಕೆ ಅವರ ‘ಗೋ’ ಇದೆ: ‘ಪಿಗಾ ಓಂದಾಗೋ ಹೆಸ್ಸೊಯೋ’, ಮಳೆ ಬರುತ್ತದೆ ಎಂದು ಹೇಳಿದರು. ನಾವು ಪೂರ್ತಿ ವಾಕ್ಯಕ್ಕೆ ‘ಎಂದು’ ಅಂಟಿಸಿಬಿಡುತ್ತೇವೆ. ಅಲ್ಲಿ ಮೊದಲು ಮರ್ಯಾದೆಯ ‘ಯೋ’ ತೆಗೆದು ‘ವಾಯೋ’ (ಬರುತ್ತದೆ) ಎಂಬುದನ್ನು ‘ಓಂದಾ’ ಮಾಡಬೇಕು.

ಕಾರಣ ಹೇಳುವ ‘ಸೊ’ ಅಂಟುವ ಕ್ರಿಯಾಪದಕ್ಕೆ ಭೂತಕಾಲ ಹಾಕುವಂತಿಲ್ಲ. ‘ಮಳೆ ಬಂದದ್ದರಿಂದ’ ಎಂದು ಯೋಚಿಸಿದರೆ ‘ವಾಸ್ಸೊಸೊ’ ಎಂಬ ತಪ್ಪು ಬರುತ್ತದೆ. ‘ಮಳೆ ಬಂದು’ ಎಂದುಕೊಳ್ಳಿ: ‘ಪಿಗಾ ವಾಸೊ ಆನ್ ಗಾಸ್ಸೊಯೋ’, ಮಳೆ ಬಂದು (ನಾನು) ಹೋಗಲಿಲ್ಲ. ಕಾಲ ಕೊನೆಯ ಕ್ರಿಯಾಪದದಲ್ಲಿ ಮಾತ್ರ. ಮುಂದೆ ಅಪ್ಪಣೆಯೋ ಕೋರಿಕೆಯೋ ಇದ್ದರೆ ‘ಸೊ’ ಸಲ್ಲದು, ‘ನಿಕ್ಕಾ’ ಬೇಕು: ‘ಪಿಗಾ ಓನಿಕ್ಕಾ ಕಾಜಿ ಮಾಸೆಯೋ’, ಮಳೆ ಬರುತ್ತಿದೆ, ಹೋಗಬೇಡಿ.

ಪದಕ್ರಮವೇ ಬೇರೆಯಾಗುವ ಜಾಗಗಳೂ ಇವೆ. ನಮ್ಮ ‘ಇಲ್ಲ’ ಕ್ರಿಯಾಪದದ ಆಮೇಲೆ ಬರುತ್ತದೆ, ಅವರ ‘ಆನ್’ ಅದಕ್ಕೂ ಮೊದಲು: ‘ಆನ್ ಗಾಯೋ’, ಹೋಗುವುದಿಲ್ಲ. ನಾಮಪದಕ್ಕೆ ‘ಹಾದಾ’ (ಮಾಡು) ಸೇರಿ ಆದ ಕ್ರಿಯಾಪದವಾದರೆ ‘ಆನ್’ ನಡುವೆ ನುಗ್ಗುತ್ತದೆ: ‘ಕೋಂಗ್ಬು ಆನ್ ಹೆಯೋ’, ಓದುವುದಿಲ್ಲ. ಎಣಿಕೆಯಲ್ಲಿ ವಸ್ತು ಮೊದಲು, ಸಂಖ್ಯೆ ಆಮೇಲೆ, ಕೊನೆಗೆ ಎಣಿಕೆ ಪದ (ಪುಸ್ತಕಕ್ಕೆ ‘ಗ್ವೊನ್’): ‘ಛೆಕ್ ತು ಗ್ವೊನ್’, ಎರಡು ಪುಸ್ತಕ.