ಎಣಿಸುವ ಮುನ್ನ: ಮುಂಬಯಿಯ ಕನ್ನಡ ವಿದ್ಯಾರ್ಥಿಗಳಿಗೆ ಸಮೀಕ್ಷೆ ಮತ್ತು ದತ್ತಾಂಶ ವಿಶ್ಲೇಷಣೆಯ ಮೊದಲ ಪಾಠ

ಕಿರುಸಂಶೋಧನೆಗೆಂದು ಅಂಕಿ-ಅಂಶಗಳ ದಾರಿ ಹಿಡಿಯುವ ವಿದ್ಯಾರ್ಥಿಗಳು ಮೊದಲು ಕೇಳುವುದು ಯಾವ ಪರೀಕ್ಷೆ ಹಾಕಬೇಕು, ಯಾವ ತಂತ್ರಾಂಶ ಕಲಿಯಬೇಕು ಎಂದು. ಅದು ಕೊನೆಗೆ ಬರಬೇಕಾದ ಪ್ರಶ್ನೆ. ಪರಿಮಾಣಾತ್ಮಕ ಸಂಶೋಧನೆ ಕೆಡುವುದಿದ್ದರೆ ಬಹುಮಟ್ಟಿಗೆ ಎಣಿಕೆ ಆರಂಭವಾಗುವ ಮೊದಲೇ ಕೆಟ್ಟಿರುತ್ತದೆ; ಏನನ್ನು ಅಳೆಯುತ್ತೇವೆ, ಯಾರನ್ನು ಕೇಳುತ್ತೇವೆ ಎಂಬ ಎರಡು ತೀರ್ಮಾನಗಳಲ್ಲಿ ಆದ ತಪ್ಪನ್ನು ಯಾವ ಸೂತ್ರವೂ ಆಮೇಲೆ ಸರಿಪಡಿಸಲಾರದು. ಆದ್ದರಿಂದ ಇಲ್ಲಿ ಒಂದೇ ಪ್ರಶ್ನೆಯನ್ನು ಹಿಡಿದು ಕೊನೆಯವರೆಗೆ ನಡೆಯೋಣ: ಮುಂಬಯಿಯ ಕನ್ನಡ ಕುಟುಂಬಗಳ ಮಕ್ಕಳಿಗೆ ಕನ್ನಡ ಓದಲು ಬರುತ್ತದೆಯೇ, ಮನೆಯಲ್ಲಿ ಅಜ್ಜ ಅಥವಾ ಅಜ್ಜಿ ಇದ್ದರೆ ಅದರಲ್ಲಿ ವ್ಯತ್ಯಾಸವಾಗುತ್ತದೆಯೇ? ಮುಂದೆ ಬರುವ ಮಕ್ಕಳ ಲೆಕ್ಕವೆಲ್ಲ ವಿಧಾನವನ್ನು ತೋರಿಸಲು ಕಲ್ಪಿಸಿಕೊಂಡದ್ದು.

ಮೊದಲ ತೊಡಕು ‘ಕನ್ನಡ ಕುಟುಂಬ’ ಎಂಬ ಮಾತಿನಲ್ಲೇ ಇದೆ. ಕರಾವಳಿಯಿಂದ ಹೋಟೆಲು ಉದ್ಯಮಕ್ಕೆ ಬಂದು ನೆಲೆಸಿದ ಎಷ್ಟೋ ಮನೆಗಳಲ್ಲಿ ಆಡುವ ಮಾತು ತುಳು ಅಥವಾ ಕೊಂಕಣಿ. ಆದರೆ ಹಿರಿಯರು ಓದಿದ್ದು ಕನ್ನಡದಲ್ಲಿ, ಸದಸ್ಯರಾಗಿರುವುದು ಕನ್ನಡ ಸಂಘದಲ್ಲಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯಿಂದ ಬಂದ ಹಲವರು ಮನೆಯಲ್ಲಿ ಕನ್ನಡವನ್ನೇ ಆಡಿದರೂ ಶಾಲೆಯಲ್ಲಿ ಕಲಿತದ್ದು ಮರಾಠಿ. ಜನಗಣತಿಯು ತುಳುವನ್ನು ಪ್ರತ್ಯೇಕ ಮಾತೃಭಾಷೆಯಾಗಿ ಎಣಿಸುತ್ತದೆ. 2011ರಲ್ಲಿ ಇಡೀ ದೇಶದಲ್ಲಿ ಹಾಗೆ ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಜನಗಣತಿಯ ‘ಕನ್ನಡ’ ಕಾಲಮ್ಮನ್ನೇ ನಂಬಿದರೆ ಮೊದಲ ಗುಂಪು ಕೈತಪ್ಪುತ್ತದೆ, ಎರಡನೆಯದು ಉಳಿಯುತ್ತದೆ. ಸಂಘದ ಪಟ್ಟಿಯನ್ನು ನಂಬಿದರೆ ಬಹುಶಃ ಅದರ ತಿರುಗುಮುರುಗು. ಎರಡರಲ್ಲಿ ಯಾವುದೂ ತಪ್ಪಲ್ಲ; ಆದರೆ ಯಾವುದನ್ನು ಆರಿಸಿಕೊಂಡಿರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡದಿದ್ದರೆ ನಿಮ್ಮ ಅಂಕಿಗೆ ಅರ್ಥವಿಲ್ಲ. ಇದನ್ನೇ ಕಾರ್ಯಾತ್ಮಕ ವ್ಯಾಖ್ಯೆ ಎನ್ನುವುದು. ನಮ್ಮ ಉದಾಹರಣೆಯಲ್ಲಿ, ಒಂದು ಸಂಘದ ಸದಸ್ಯತ್ವ ಪಟ್ಟಿಯಲ್ಲಿರುವ, 8ರಿಂದ 14 ವರ್ಷದ ಮಗುವಿರುವ ಕುಟುಂಬವೇ ‘ಕನ್ನಡ ಕುಟುಂಬ’ ಎಂದಿಟ್ಟುಕೊಳ್ಳೋಣ.

‘ಓದಲು ಬರುತ್ತದೆ’ ಎಂಬುದೂ ಅಷ್ಟೇ ಜಾರುವ ಮಾತು. ‘ನಿಮ್ಮ ಮಗುವಿಗೆ ಕನ್ನಡ ಓದಲು ಮತ್ತು ಬರೆಯಲು ಬರುತ್ತದೆಯೇ?’ ಎಂದು ತಂದೆ-ತಾಯಿಯನ್ನು ಕೇಳಿದರೆ ಎರಡು ತಪ್ಪುಗಳು ಒಟ್ಟಿಗೆ ಆಗುತ್ತವೆ. ಓದಲು ಬಂದು ಬರೆಯಲು ಬಾರದ ಮಗುವಿನ ತಾಯಿ ಹೌದೆನ್ನಬೇಕೋ ಇಲ್ಲವೆನ್ನಬೇಕೋ ತಿಳಿಯದೆ ಹೋಗುತ್ತಾಳೆ. ಅದಕ್ಕಿಂತ ಮುಖ್ಯವಾಗಿ, ಕನ್ನಡದ ಬಗ್ಗೆ ಕೇಳಲು ಬಂದ ವಿದ್ಯಾರ್ಥಿಯ ಎದುರು ‘ನಮ್ಮ ಮಗುವಿಗೆ ಬಾರದು’ ಎನ್ನಲು ಯಾರಿಗೂ ಮನಸ್ಸಾಗುವುದಿಲ್ಲ. ಅದರ ಬದಲು ಸುಮಾರು ನೂರು ಪದಗಳ ಸರಳ ಗದ್ಯಭಾಗವನ್ನು ಮಗುವಿನ ಕೈಗೆ ಕೊಟ್ಟು, ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದಗಳನ್ನು ಎಣಿಸಿಕೊಳ್ಳಬಹುದು. ಎಷ್ಟು ಪದ ಓದಿದರೆ ‘ಬರುತ್ತದೆ’ ಎಂದು ಲೆಕ್ಕ ಹಿಡಿಯುತ್ತೀರಿ ಎಂಬುದನ್ನೂ ಮನೆಗಳಿಗೆ ಹೋಗುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಏನೂ ಕೇಳಬಾರದೆಂಬುದು ಬೇರೆ ಹೇಳಬೇಕಾಗಿಲ್ಲ. ಪ್ರಶ್ನಾವಳಿಯನ್ನು ಮಾದರಿಯಲ್ಲಿ (ಕೇಳಲೆಂದು ಆರಿಸಿಕೊಳ್ಳುವ ಕುಟುಂಬಗಳಲ್ಲಿ) ಸೇರದ ಹತ್ತು ಮನೆಗಳಲ್ಲಿ ಮೊದಲು ಪ್ರಯೋಗಿಸಿ ನೋಡಿ. ಎಲ್ಲಿ ಜನ ‘ಅಂದರೆ?’ ಎಂದು ತಿರುಗಿ ಕೇಳುತ್ತಾರೋ ಆ ಪ್ರಶ್ನೆಯನ್ನು ತಿದ್ದಬೇಕು.

ಇನ್ನು ಯಾರನ್ನು ಕೇಳುವುದು. ಮಾಟುಂಗದಲ್ಲಿ ಭಾನುವಾರ ಸಂಜೆ ಕನ್ನಡ ಕಾರ್ಯಕ್ರಮವಿದ್ದಾಗ ಬಾಗಿಲಲ್ಲಿ ನಿಂತರೆ ಎರಡು ಗಂಟೆಗಳಲ್ಲಿ ನೂರು ಉತ್ತರಗಳು ಸಿಗುತ್ತವೆ. ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಕಳಿಸಿದರೆ ನಿಲ್ಲುವ ಶ್ರಮವೂ ಇಲ್ಲ. ಆದರೆ ಭಾನುವಾರ ಲೋಕಲ್ ಹಿಡಿದು ಕನ್ನಡ ನಾಟಕ ನೋಡಲು ಬರುವ ಮನೆಯ ಮಗುವಿಗೆ ಕನ್ನಡ ಓದಲು ಬರುವ ಸಾಧ್ಯತೆ, ಬಾರದೆ ಉಳಿದ ಮನೆಯ ಮಗುವಿಗಿಂತ ಹೆಚ್ಚು. ಇಂಥ ಓರೆಯು ಮಾದರಿಯ ಗಾತ್ರ ಹೆಚ್ಚಿಸಿದರೆ ಹೋಗುವುದಿಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ, ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು, ಗೆದ್ದವರು ರೂಸ್‌ವೆಲ್ಟ್. ವಿಳಾಸಗಳನ್ನು ಹೆಚ್ಚಾಗಿ ದೂರವಾಣಿ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ ತೆಗೆದದ್ದು, ಕಳಿಸಿದವರಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಜನ ಮಾತ್ರ ಉತ್ತರಿಸಿದ್ದು, ಇವೆರಡೂ ಸೇರಿ ಲೆಕ್ಕವನ್ನು ಕೆಡಿಸಿದವು. ಅದೇ ಚುನಾವಣೆಯಲ್ಲಿ ಜನಮತ ಸಮೀಕ್ಷಕ ಜಾರ್ಜ್ ಗ್ಯಾಲಪ್ ಬಹಳ ಚಿಕ್ಕ ಮಾದರಿಯಿಂದ ಸರಿಯಾದ ವಿಜೇತನನ್ನು ಹೇಳಿದರು.

ಮುಂಬಯಿಯ ಎಲ್ಲ ಕನ್ನಡಿಗರ ಪಟ್ಟಿ ಎಲ್ಲೂ ಇಲ್ಲ. ಹಾಗಿದ್ದಮೇಲೆ ‘ಮುಂಬಯಿಯ ಕನ್ನಡಿಗರು’ ಎಂಬ ಶೀರ್ಷಿಕೆಯ ಆಸೆ ಬಿಟ್ಟು, ಪಟ್ಟಿ ಇರುವ ಕಡೆಗೆ ಪ್ರಶ್ನೆಯನ್ನು ಕಿರಿದುಗೊಳಿಸುವುದು ಲೇಸು. ನಮ್ಮ ಸಂಘದಲ್ಲಿ ಅರ್ಹ ಕುಟುಂಬಗಳು 600 ಇವೆ ಎನ್ನೋಣ. ಶೇ. 95ರ ವಿಶ್ವಾಸ ಮಟ್ಟದಲ್ಲಿ (ಹೀಗೆ ನೂರು ಸಲ ಮಾದರಿ ತೆಗೆದರೆ ಸುಮಾರು 95 ಸಲ ನಿಜವಾದ ಅಂಕಿ ದೋಷದ ಮಿತಿಯೊಳಗೆ ಸಿಗುವಂತೆ) ಶೇಕಡಾ 5 ಅಂಶ ಆಚೀಚೆಯ ದೋಷ ಸಾಕೆಂದರೆ, ದೊಡ್ಡ ಸಮಷ್ಟಿಗೆ, ಎಂದರೆ ಮಾದರಿ ತೆಗೆಯುವ ಇಡೀ ಗುಂಪು ದೊಡ್ಡದಿದ್ದಾಗ, 385 ಜನ ಬೇಕು. 600ರ ಸಮಷ್ಟಿಗೆ ತಿದ್ದಿದಾಗ ಅದು 235ಕ್ಕೆ ಇಳಿಯುತ್ತದೆ. ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ ಡೊಂಬಿವಲಿಯಿಂದ ಮೀರಾ ರೋಡಿನವರೆಗೆ 235 ಮನೆ ಹತ್ತಿ ಇಳಿಯುವುದು ಆಗದ ಮಾತು. 120 ಮನೆಗಳಿಗೆ ನಿಲ್ಲಿಸಿದರೆ ದೋಷ ಸುಮಾರು 8 ಅಂಶವಾಗುತ್ತದೆ; ಅದನ್ನು ಮುಚ್ಚಿಡದೆ ಬರೆದರೆ ಸಾಕು. 1ರಿಂದ 5ರೊಳಗೆ ಒಂದು ಚೀಟಿ ಎತ್ತಿ, ಬಂದ ಸಂಖ್ಯೆಯಿಂದ ಆರಂಭಿಸಿ ಪಟ್ಟಿಯಲ್ಲಿ ಪ್ರತಿ ಐದನೆಯ ಕುಟುಂಬವನ್ನು ಆರಿಸಿ. ಇಬ್ಬರು ಮಕ್ಕಳಿದ್ದರೆ ಅಲ್ಲೂ ಚೀಟಿ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗಬಾರದು; ಇನ್ನೊಮ್ಮೆ ಹೋಗಿ, ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದು ಬರೆದುಕೊಳ್ಳಬೇಕು.

ದತ್ತಾಂಶವನ್ನು ಎಕ್ಸೆಲ್‌ಗೆ ಏರಿಸುವಾಗ ಒಂದು ಮಗುವಿಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಮ್. ಉತ್ತರವಿಲ್ಲದ ಕಡೆ ಸೊನ್ನೆ ಹಾಕುವುದು ಆರಂಭಿಕರು ಮಾಡುವ ಘೋರ ತಪ್ಪು: ಓದಲು ಕೂತು ಒಂದು ಪದವನ್ನೂ ಓದಲಾಗದ ಮಗು ಬೇರೆ, ಜ್ವರ ಬಂದು ಮಲಗಿದ್ದ ಮಗು ಬೇರೆ. ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಿ.

ಪರೀಕ್ಷೆಗಳಿಗೆ ಮುನ್ನ ಅಂಕಿಗಳನ್ನು ಸುಮ್ಮನೆ ನೋಡಿ. ಒಂಬತ್ತು ಮಕ್ಕಳು ನಿಮಿಷಕ್ಕೆ 0, 0, 0, 5, 8, 10, 12, 60, 85 ಪದ ಓದಿದರೆ ಸರಾಸರಿ 20. ಆದರೆ ಇಪ್ಪತ್ತರ ಹತ್ತಿರ ಯಾವ ಮಗುವೂ ಇಲ್ಲ. ಮಧ್ಯಾಂಕವಾದ, ಎಂದರೆ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವ, 8 ನಿಜಕ್ಕೆ ಹತ್ತಿರ.

ನಮ್ಮ 120 ಮಕ್ಕಳೂ ಸಿಕ್ಕರು, ಅಜ್ಜ-ಅಜ್ಜಿ ಇರುವ 50 ಮನೆಗಳಲ್ಲಿ 30 ಮಕ್ಕಳು (ಶೇ. 60), ಇಲ್ಲದ 70 ಮನೆಗಳಲ್ಲಿ 28 ಮಕ್ಕಳು (ಶೇ. 40) ಓದಿದರು ಎಂದುಕೊಳ್ಳೋಣ. ಎರಡೂ ವರ್ಗೀಕೃತ ಚರಗಳಾದ್ದರಿಂದ (ಇದ್ದಾರೆ-ಇಲ್ಲ, ಬರುತ್ತದೆ-ಬಾರದು ಎಂಬಂತೆ ಗುಂಪುಗಳಾಗಿ ವಿಂಗಡವಾಗುವಂಥವು) ಇಲ್ಲಿ ಹೊಂದುವುದು ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ಸ್ಕ್ವೇರ್ ಪರೀಕ್ಷೆ. ಅಜ್ಜ-ಅಜ್ಜಿಯಿಂದ ವ್ಯತ್ಯಾಸವೇ ಇಲ್ಲವೆಂಬ ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿದ್ದರೆ, ಒಟ್ಟು 120ರಲ್ಲಿ 58 ಮಕ್ಕಳು ಓದಿದ ಪ್ರಮಾಣದಲ್ಲೇ ಮೊದಲ ಗುಂಪಿನ 50ರಲ್ಲಿ ಓದುವವರು 24 ಮಂದಿಯಷ್ಟು ಇರಬೇಕಿತ್ತು, ಇರುವುದು 30. ಎರಡು ಗುಂಪುಗಳಲ್ಲಿ ಓದಿದವರು, ಓದದವರು ಎಂಬ ನಾಲ್ಕೂ ಕೋಶಗಳಲ್ಲಿ ಇಂಥ ಅಂತರದ ವರ್ಗವನ್ನು ಇರಬೇಕಿದ್ದ ಸಂಖ್ಯೆಯಿಂದ ಭಾಗಿಸಿ ಸೇರಿಸಿದಾಗ ಬರುವ ಮೊತ್ತ 4.67, ಗಡಿಸಂಖ್ಯೆ 3.84; ವ್ಯತ್ಯಾಸವೇ ಇಲ್ಲದಿದ್ದರೆ ಮೊತ್ತ ಈ ಗಡಿ ದಾಟುವುದು ನೂರರಲ್ಲಿ ಸುಮಾರು ಐದು ಸಲ ಮಾತ್ರ. ‘ಆರ್’ ತಂತ್ರಾಂಶ ಇಂಥ ನಾಲ್ಕು ಕೋಶಗಳ ಕೋಷ್ಟಕಕ್ಕೆ, ಮೊತ್ತವನ್ನು ತುಸು ತಗ್ಗಿಸುವ ಯೇಟ್ಸ್ ತಿದ್ದುಪಡಿಯನ್ನು ತಾನಾಗಿಯೇ ಸೇರಿಸಿ 3.91 ಎಂದು ತೋರಿಸುತ್ತದೆ. ಗೆಳೆಯನ ಉತ್ತರಕ್ಕೂ ನಿಮ್ಮದಕ್ಕೂ ತಾಳೆಯಾಗದಿದ್ದರೆ ಗಾಬರಿಯಾಗದೆ ಇದನ್ನು ಮೊದಲು ನೋಡಿ.

ತಿದ್ದುಪಡಿಯಿಲ್ಲದ 4.67ಕ್ಕೆ ಪಿ-ಮೌಲ್ಯ ಸುಮಾರು 0.03 ಬಂತೆಂದು ಪ್ರಬಂಧ ಮುಗಿಸುವವರೇ ಹೆಚ್ಚು. ಅದು ಹೇಳುವುದು ಇಷ್ಟೇ: ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರರಲ್ಲಿ ಸುಮಾರು ಮೂರು ಸಲ ಆಕಸ್ಮಿಕವಾಗಿ ಕಾಣಬಹುದು. ಅಂತರ ಎಷ್ಟು ದೊಡ್ಡದೆಂದು ಅದು ಹೇಳುವುದಿಲ್ಲ. ಅದಕ್ಕೆ ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಶೇ. 95ರ ವಿಶ್ವಾಸ ಮಟ್ಟದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬ ವ್ಯಾಪ್ತಿ) ಬೇಕು: ಇಲ್ಲಿ 20 ಅಂಶಗಳ ವ್ಯತ್ಯಾಸದ ಸುತ್ತ ಅದು 2ರಿಂದ 38ರವರೆಗೆ ಹರಡಿದೆ. ಎಂದರೆ ಪರಿಣಾಮ ಅತ್ಯಲ್ಪವೂ ಇರಬಹುದು, ಬಹಳ ದೊಡ್ಡದೂ ಇರಬಹುದು. ಅಜ್ಜಿಯೇ ಕಾರಣವೆನ್ನುವುದಕ್ಕೆ ಇನ್ನೊಂದು ಅಡ್ಡಿಯಿದೆ. ಅಜ್ಜಿ ಜತೆಗಿರುವ ಕುಟುಂಬ ಈಚೆಗಷ್ಟೇ ಊರಿನಿಂದ ಬಂದದ್ದಿದ್ದರೆ ಮಗು ಅಲ್ಲಿನ ಶಾಲೆಯಲ್ಲೇ ಅಕ್ಷರ ಕಲಿತಿರಬಹುದು. ಮುಂಬಯಿಗೆ ಬಂದು ಎಷ್ಟು ವರ್ಷವಾಯಿತು ಎಂಬ ಪ್ರಶ್ನೆ ಪ್ರಶ್ನಾವಳಿಯಲ್ಲಿದ್ದರೆ ಹಳಬರನ್ನೂ ಹೊಸಬರನ್ನೂ ಬೇರ್ಪಡಿಸಿ ಎರಡು ಕೋಷ್ಟಕ ಮಾಡಿ ನೋಡಬಹುದು. ಇಲ್ಲದಿದ್ದರೆ ‘ಸಂಬಂಧ ಕಂಡುಬಂದಿದೆ’ ಎಂದಷ್ಟೇ ಬರೆದು ನಿಲ್ಲಿಸಬೇಕು.

ಪ್ರಬಂಧದ ವಿಧಾನ ಅಧ್ಯಾಯದಲ್ಲಿ ಪಟ್ಟಿಯಲ್ಲಿದ್ದವರೆಷ್ಟು, ಆರಿಸಿದ್ದೆಷ್ಟು, ಸಿಗದವರೆಷ್ಟು, ಒಲ್ಲೆನೆಂದವರೆಷ್ಟು, ಯಾವ ತಿಂಗಳಿನಲ್ಲಿ ಹೋದಿರಿ ಎಂಬುದನ್ನು ದಾಖಲಿಸಿ. ಮಕ್ಕಳು ಓದಿದ ಗದ್ಯಭಾಗವನ್ನೂ, ಮನೆಮನೆಯಲ್ಲಿ ನಿಜಕ್ಕೂ ಕೇಳಿದ ಕನ್ನಡದ ಪ್ರಶ್ನೆಗಳನ್ನೂ ಅವೇ ಮಾತುಗಳಲ್ಲಿ ಅನುಬಂಧಕ್ಕೆ ಸೇರಿಸಿ. ಇಂಗ್ಲಿಷ್ ಅನುವಾದ ಬೇಕಿದ್ದರೆ ಅದರ ಪಕ್ಕದಲ್ಲಿರಲಿ.