ಗಂಜಿತಿಳಿ, ಜೊಲ್ಲು ಮತ್ತು ಗಜನಿಂಬೆ

ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ‘ಜೀವಸತ್ವಗಳು ದೇಹಕ್ಕೆ ಶಕ್ತಿ ಕೊಡುತ್ತವೆ’ ಎಂದು ಪ್ರತಿ ವರ್ಷವೂ ಯಾರಾದರೂ ಬರೆಯುತ್ತಾರೆ. ಓದಿದಾಗಲೆಲ್ಲ ನನಗೆ ಸಂಕಟ. ಶಕ್ತಿ ಬರುವುದು ಅನ್ನ, ಬೇಳೆ, ಎಣ್ಣೆಯಿಂದ. ಅದನ್ನು ಬಿಡಿಸಿಕೊಡುವ ಕೆಲಸ ಕಿಣ್ವಗಳದ್ದು. ಆ ಕಿಣ್ವಗಳಲ್ಲಿ ಹಲವಕ್ಕೆ ಜೀವಸತ್ವದ ನೆರವಿಲ್ಲದೆ ಕೈಯೇ ಆಡುವುದಿಲ್ಲ. ಇದನ್ನು ಮಕ್ಕಳ ಕಣ್ಣಿಗೆ ಕಾಣಿಸಬೇಕೆಂದು ಹಟ ಹಿಡಿದೆ.

ಕಳೆದ ಆಷಾಢದಲ್ಲಿ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದಿಂದ ಶುರುಮಾಡಿದೆ. ನೀರು ಬೆರೆಸಿದ ಗಂಜಿತಿಳಿಗೆ ಎರಡು ಹನಿ ಅಯೋಡಿನ್ ಬಿಟ್ಟರೆ ಕಡುನೀಲಿ. ಜೊಲ್ಲು ಸೇರಿದರೆ ಪಿಷ್ಟ ಒಡೆದು ಆ ನೀಲಿ ಹೋಗಬೇಕು. ಹತ್ತು ನಿಮಿಷ ಕಾದೆವು, ಹೋಗಲಿಲ್ಲ. ಹೊರಗೆ ಜಡಿಮಳೆ, ಒಳಗೆ ಮೈ ನಡುಗುವ ಚಳಿ. ಬಿಸಿಯೂಟದ ಅಡುಗೆಮನೆಯಿಂದ ಕುದಿನೀರು ತರಿಸಿ ಪ್ರನಾಳವನ್ನು ಅದರಲ್ಲಿ ಇಳಿಸಿದೆ. ನೀಲಿ ಮಾಯ! ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಪ್ರನಾಳ ಆರುತ್ತಿದ್ದಂತೆ ನೀಲಿ ಮರಳಿ ಬಂತು. ಬಿಸಿಗೆ ಬಣ್ಣವಷ್ಟೇ ಅಡಗಿತ್ತು, ಪಿಷ್ಟ ಹಾಗೇ ಇತ್ತು. ಕಿಣ್ವ ಪ್ರೋಟೀನ್ ತಾನೇ, ಕುದಿನೀರಿಗೆ ಅದರ ಮಡಿಕೆಗಳು ಬಿಚ್ಚಿ ಕೆಟ್ಟುಹೋಗಿತ್ತು. ಆಗ ಒಬ್ಬ ಹುಡುಗ ಹೊಸ ಪ್ರನಾಳವನ್ನು ಸ್ವೆಟರಿನೊಳಗೆ ಕಂಕುಳಲ್ಲಿ ಇಟ್ಟುಕೊಂಡ. ಮೈಯ ಬಿಸಿ, ಸುಮಾರು 37 ಡಿಗ್ರಿ. ಸ್ವಲ್ಪ ಹೊತ್ತಿಗೆಲ್ಲ ನೀಲಿ ಕಂದಾಗಿ, ಕಂದು ತಿಳಿಯಾಯಿತು.

ಮರುದಿನ ಒಬ್ಬಳು ಮನೆಯಿಂದ ಗಜನಿಂಬೆ ತಂದು ಇನ್ನೊಂದು ನೀಲಿ ಪ್ರನಾಳಕ್ಕೆ ಹಿಂಡಿದಳು. ಕಣ್ಣು ಮಿಟುಕಿಸುವುದರೊಳಗೆ ಬಣ್ಣ ಹೋಯಿತು. “ಇದರಲ್ಲೂ ಕಿಣ್ವ ಇದೆಯೇ ಟೀಚರ್?” ಎಂದಳು. ನನಗೆ ಬೇಕಾಗಿದ್ದ ಪ್ರಶ್ನೆ ತಾನಾಗಿಯೇ ಬಂದಿತ್ತು. ಎರಡಕ್ಕೂ ಮತ್ತೆ ಅಯೋಡಿನ್ ಬಿಡಲು ಹೇಳಿದೆ. ಜೊಲ್ಲಿನ ಪ್ರನಾಳ ನೀಲಿಯಾಗಲಿಲ್ಲ, ಏಕೆಂದರೆ ಅಲ್ಲಿ ಪಿಷ್ಟವೇ ಉಳಿದಿರಲಿಲ್ಲ. ನಿಂಬೆಯದು ಕೆಲವು ಹನಿಗಳಾದ ಮೇಲೆ ಮತ್ತೆ ನೀಲಿಗಟ್ಟಿತು. ನಿಂಬೆಯ ಸಿ ಜೀವಸತ್ವ ಪಿಷ್ಟವನ್ನು ಮುಟ್ಟಿಯೇ ಇರಲಿಲ್ಲ. ಅಯೋಡಿನ್‌ಗೆ ಎಲೆಕ್ಟ್ರಾನ್ ಕೊಟ್ಟು ಬಣ್ಣ ಕಳೆದಿತ್ತು.

ಈ ಎಲೆಕ್ಟ್ರಾನ್ ಕೊಡುವ ಗುಣವೇ ನಮ್ಮ ಒಸಡನ್ನು ಕಾಯುತ್ತದೆ. ಒಸಡನ್ನು ಹಿಡಿದಿಡುವ ಪ್ರೋಟೀನು ಕೊಲಾಜೆನ್. ಅದರ ಎಳೆಗಳನ್ನು ಗಟ್ಟಿಮಾಡುವ ಕಿಣ್ವದ ನಡುವೆ ಕಬ್ಬಿಣದ ಒಂದು ಅಯಾನು ಇರುತ್ತದೆ. ಅದು ಉತ್ಕರ್ಷಣಗೊಂಡರೆ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡರೆ, ಕಿಣ್ವ ಸುಮ್ಮನಾಗುತ್ತದೆ. ಸಿ ಜೀವಸತ್ವ ಎಲೆಕ್ಟ್ರಾನ್ ಕೊಟ್ಟು ಅದನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಈ ಜೀವಸತ್ವ ತಿಂಗಳುಗಟ್ಟಲೆ ಸಿಗದಿದ್ದರೆ ಒಸಡಿನಲ್ಲಿ ರಕ್ತ ಒಸರುತ್ತದೆ, ಅದೇ ಸ್ಕರ್ವಿ. (ಅಮೈಲೇಸ್‌ಗೆ ಜೀವಸತ್ವ ಬೇಡ, ಕ್ಯಾಲ್ಸಿಯಂ ಮತ್ತು ಕ್ಲೋರೈಡ್ ಸಾಕು. ಇದನ್ನೂ ಹೇಳಲೇಬೇಕು.) ಬಿ1 ಜೀವಸತ್ವದ ಬಗ್ಗೆ ಹೇಳುವಾಗ ಮನೆಯ ಕುಚ್ಚಲಕ್ಕಿಯನ್ನೇ ಹಿಡಿದು ತೋರಿಸಿದೆ: ಭತ್ತ ಬೇಯಿಸುವಾಗ ತೌಡಿನ ಬಿ1 ಸ್ವಲ್ಪ ಕಾಳಿನೊಳಕ್ಕೆ ಇಳಿಯುತ್ತದೆ.

ಕೊನೆಗೆ ಜೊಲ್ಲನ್ನೂ ನಿಂಬೆರಸವನ್ನೂ ಎರಡೆರಡು ನಿಮಿಷ ಕುದಿಸಿ, ಆರಿಸಿ, ಪರೀಕ್ಷೆ ಮಾಡಿಸಿದೆ. ಜೊಲ್ಲು ಸೋತಿತು. ನಿಂಬೆರಸ ಆಗಲೂ ಬಣ್ಣ ಕಳೆಯಿತು. ಕಿಣ್ವ ಬೇರೆ, ಜೀವಸತ್ವ ಬೇರೆ ಎಂದು ಆ ಹುಡುಗಿ ನಾನು ಹೇಳುವ ಮೊದಲೇ ಬರೆದುಕೊಂಡಿದ್ದಳು.